ಅಕ್ಕನ ಪರವಾಗಿ ನಾನು ಕೊಟ್ಟ ಉತ್ತರ

ಡಾಕ್ಟರು ಎಕ್ಸ್‌-ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಬೂದುಬಣ್ಣದ ಹೊಟ್ಟೆಯೊಳಗೆ, ದೊಡ್ಡ ಕರುಳು ಸುತ್ತಿಕೊಂಡು ಹೋಗುವ ದಾರಿಯುದ್ದಕ್ಕೂ ಯಾರೋ ನುಚ್ಚಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿದ್ದವು. ಅದು ನನ್ನ ಅಕ್ಕನ ಹೊಟ್ಟೆ. ಆಕೆ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬೇರೆ ಯಾರದೋ ಹೊಟ್ಟೆಯನ್ನು ನೋಡುವವಳ ಹಾಗೆ ತಲೆಯೆತ್ತಿ ಅದನ್ನೇ ನೋಡುತ್ತಿದ್ದಳು.

ಅಕ್ಕನಿಗೆ ಅರವತ್ತು ದಾಟಿದೆ. ಬನಹಟ್ಟಿಯಲ್ಲಿ ಮನೆ, ಮನೆಗೆ ಹತ್ತಿಕೊಂಡೇ ಮಗನ ನಾಲ್ಕು ಪವರ್‌ಲೂಮು. ಮಾಳಿಗೆಯ ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತದೆ, ನಡು ರಸ್ತೆಯಲ್ಲಿ ಕಣ್ಣು ಕತ್ತಲಾಗುತ್ತದೆ ಎಂದು ಸೊಸೆ ಫೋನು ಮಾಡಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳರ ಹತ್ತಿರ ಇಳಿದಿತ್ತು. ಅತ್ತೆ ಸೊಸೆ ಇಬ್ಬರನ್ನೂ ಜಮಖಂಡಿಗೆ ಕರೆಸಿಕೊಂಡೆ. ನಾನು ಅಲ್ಲಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಬೀಳಗಿ ಕಡೆಯವರಾದ ಈ ಡಾಕ್ಟರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಆದರೆ ಎರಡು ವರ್ಷಗಳಿಂದ ನಾವಿಬ್ಬರೂ ಒಂದೇ ಕೆಲಸದಲ್ಲಿದ್ದೆವು. ಹೊಟ್ಟೆ, ಕರುಳಿನ ರೋಗಗಳನ್ನು ಹಳ್ಳಿಗಳಲ್ಲಿ ಬೇಗ ಗುರುತಿಸುವುದು ಹೇಗೆ ಎಂದು ಒಂದು ವೈದ್ಯಕೀಯ ಕಾಲೇಜು ನಡೆಸುತ್ತಿದ್ದ ಅಧ್ಯಯನ ಅದು. ಪರೀಕ್ಷೆಗಳು ಅವರ ಪಾಲಿಗೆ, ಪ್ರಶ್ನಾವಳಿ ಮತ್ತು ಲೆಕ್ಕಾಚಾರ ನನ್ನ ಪಾಲಿಗೆ.

"ಇವು ಏನ್ರಿ ಡಾಕ್ಟರ?" ನಾನು ಚುಕ್ಕೆಗಳ ಕಡೆ ಬೆರಳು ಮಾಡಿದೆ.

"ಅದನ್ನ ನಾನೂ ಕೇಳಾಕತ್ತೇನಿ," ಎಂದು ಅವರು ಅಕ್ಕನ ಕಡೆ ತಿರುಗಿದರು. "ಅವ್ವಾರ, ಸುಣ್ಣ ಗಿಣ್ಣ ತಿಂತೀರೇನು? ಮಣ್ಣು?"

"ಛೀ! ಮಣ್ಣ ಯಾಕ ತಿನ್ಲಿ ಯಪ್ಪಾ? ಮನ್ಯಾಗ ಜ್ವಾಳಾ ಮುಗದಾವೇನು?" ಅಕ್ಕ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

ಬಾಗಿಲ ಬಳಿ ನಿಂತಿದ್ದ ಸೊಸೆ ಕೆಮ್ಮಿದಳು. "ವಿಭೂತಿ ತಿಂತಾರ್ರಿ," ಎಂದಳು. "ಚೂರಲ್ರಿ, ಗಟ್ಟಿಗಟ್ಟಿನ ತಿಂತಾರ. ಕಟಂ ಕಟಂ ಸಪ್ಪಳ ನಡುಮನಿತನಾ ಕೇಳಸ್ತೈತಿ. ವಾರಕ್ಕೊಮ್ಮೆ ತಂದಿಟ್ರೂ ದೇವರ ಜಗಲಿ ಮ್ಯಾಲ ಒಂದೂ ಉಳಿಯಂಗಿಲ್ಲ."

"ಇದನ್ನ ಹೇಳಾಕಂತ ಬಂದೀ ಏನ ಬೇ ನೀ?" ಅಕ್ಕನ ಮುಖ ಕೆಂಪಾಗಬೇಕಿತ್ತು. ಕೆಂಪಾಗಲು ಅದರಲ್ಲಿ ರಕ್ತವಿರಲಿಲ್ಲ.

ನನಗೆ ನಗು ಬಂತು. ಡಾಕ್ಟರು ನಗಲಿಲ್ಲ. ಫಿಲ್ಮನ್ನು ಮೇಜಿನ ಮೇಲಿಟ್ಟು ಪೆನ್ನು ತೆಗೆದುಕೊಂಡರು.

"ಯಾವಾಗಿಂದ?"

ಅಕ್ಕ, "ಅದೂ..." ಎಂದು ಶುರು ಮಾಡಿದಳು. ಅಷ್ಟರಲ್ಲಿ ನಾನು ಹೇಳಿಬಿಟ್ಟೆ: "ಸಣ್ಣಾಕಿ ಇದ್ದಾಗಿಂದ್ರಿ. ನಾನಽ ನೋಡೇನಲ್ಲ."

ನಾನು ಸುಳ್ಳು ಹೇಳಲಿಲ್ಲ. ನನಗೆ ಅದು ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಹಳೆಯ ಮನೆಯ ದೇವರ ಜಗಲಿಯ ಹಿಂದೆ, ಎಣ್ಣೆಯ ಡಬ್ಬಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಒಂದು ಮಗು ಮುದುಡಿಕೊಂಡು ಕುಳಿತಿದೆ. ಬಾಯಿಯ ಸುತ್ತ ಬಿಳಿ ಪುಡಿ. ಕೈಯಲ್ಲಿ ಮೂಲೆ ಮುರಿದ ವಿಭೂತಿ ಗಟ್ಟಿ. ಹಲ್ಲಿನಡಿ ಮೊದಲು ಕಟಕ್ ಎನ್ನುತ್ತದೆ, ಆಮೇಲೆ ನಾಲಿಗೆಯ ಮೇಲೆ ಪುಡಿಯಾಗಿ ಕರಗುತ್ತದೆ. ಮೊದಲ ಮಳೆ ಬಿದ್ದ ಮಣ್ಣಿನ ರುಚಿ, ಅಂಗುಳಕ್ಕೆ ಮೆತ್ತಿಕೊಳ್ಳುವ ತಂಪು. ಆ ಮಗು ಅಕ್ಕ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಓದಿ ಬಂದವನಾಗಿ ಎಲ್ಲವನ್ನೂ ಅನುಮಾನಿಸುವುದನ್ನು ಕಲಿತಿದ್ದೆ. ಜಾತಕ, ಗ್ರಹಣ, ಪತ್ರಿಕೆಯಲ್ಲಿ ಬರುವ ಅಂಕಿಅಂಶ, ಕೊನೆಗೆ ನನ್ನ ವಿದ್ಯಾರ್ಥಿಗಳ ಹಾಜರಿ ಕೂಡ. ಈ ಚಿತ್ರವನ್ನು ಅನುಮಾನಿಸಬೇಕು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಡಾಕ್ಟರು ಅಷ್ಟನ್ನು ಬರೆದುಕೊಂಡು ಪೆನ್ನು ಕೆಳಗಿಟ್ಟರು. ಆ ಪೆನ್ನು ಕೆಳಗಿಳಿದದ್ದರ ಅರ್ಥ ಆಗ ನನಗೆ ಆಗಲಿಲ್ಲ.

ಅವರು ವಿವರಿಸಿದ್ದು ಇಷ್ಟು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಕೆಲವರಿಗೆ ಮಣ್ಣು, ಸುಣ್ಣ, ಸೀಮೆಸುಣ್ಣ ತಿನ್ನುವ ಚಪಲ ಹುಟ್ಟುತ್ತದೆ. ಚಪಲವೇ ರೋಗವಲ್ಲ, ಅದು ರೋಗ ಬಾಗಿಲು ಬಡಿಯುವ ಸಪ್ಪಳ. ವಯಸ್ಸಾದ ಹೆಣ್ಣುಮಗಳಿಗೆ ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಅದು ಹೊಸದಾಗಿ ಶುರುವಾದರೆ, ಎಲ್ಲೋ ಒಳಗೆ, ಹೆಚ್ಚಾಗಿ ಹೊಟ್ಟೆಯಲ್ಲೋ ಕರುಳಿನಲ್ಲೋ, ಯಾರಿಗೂ ಕಾಣದ ಹಾಗೆ ರಕ್ತ ಸೋರುತ್ತಿದೆಯೇ ಎಂದು ಹುಡುಕಲೇಬೇಕು. ಬಾಲ್ಯದಿಂದ ಬಂದ ಚಟವಾದರೆ ಲೆಕ್ಕ ಬೇರೆ. ತಿಂದ ವಿಭೂತಿಯೇ ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ, ರಕ್ತ ನಿಧಾನವಾಗಿ ಇಳಿಯುತ್ತದೆ.

"ಈ ವಯಸ್ಸಿಗೆ ಮ್ಯಾಲಿನ ಎಂಡೋಸ್ಕೋಪಿ, ಕೆಳಗಿನ ಕೊಲೊನೋಸ್ಕೋಪಿ ಎರಡೂ ಮಾಡೂದು ಛಲೋ," ಎಂದರು. "ಆದ್ರ ಸಣ್ಣಂದಿನಿಂದ ತಿಂದಾರಂದ್ರ... ಮೊದ್ಲ ಮ್ಯಾಲಿಂದ ನೋಡೂಣ್ರಿ. ಕಬ್ಬಿಣದ ಗುಳಿಗಿ ಕೊಟ್ಟು ಮೂರು ತಿಂಗಳು ಕಾಯೂಣು. ರಕ್ತ ಏರ್ಲಿಲ್ಲಂದ್ರ ಕೆಳಗಿಂದೂ ನೋಡೂಣು."

"ಕೆಳಗಿಂದ ಅಂದ್ರ?" ಅಕ್ಕ ಕೇಳಿದಳು.

ಮಲದ್ವಾರದಿಂದ ನಳಿಕೆ ಹಾಕಿ ಕರುಳು ನೋಡುವುದು ಎಂದು ಸೊಸೆ ಅವಳ ಕಿವಿಯಲ್ಲಿ ಹೇಳಿದಳು. ಅಕ್ಕ ಎರಡೂ ಕೈ ಜೋಡಿಸಿ ಎಕ್ಸ್‌-ರೇ ಫಿಲ್ಮಿಗೇ ನಮಸ್ಕಾರ ಮಾಡಿದಳು. "ಬ್ಯಾಡ ಯಪ್ಪಾ. ಇದ್ದಾಂಗ ಹೋಗ್ತೇನಿ."

ನಾನೂ ಬೇಡವೆಂದೇ ತಲೆಯಾಡಿಸಿದೆ. ಅಕ್ಕನನ್ನು ಆ ಮುಜುಗರದಿಂದ ಪಾರು ಮಾಡಿದೆ ಎಂಬ ಸಮಾಧಾನ ನನಗಿತ್ತು. ಮೇಲಿನ ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. ಒಂದು ಸಲ ಮಲ ಪರೀಕ್ಷೆಯಾಯಿತು, ಅದರಲ್ಲೂ ರಕ್ತ ಕಾಣಲಿಲ್ಲ. ಒಂದು ಸಲ ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ.

ಗುಳಿಗೆ ನುಂಗಿದ ಮೇಲೆ ಅಕ್ಕನ ರಕ್ತ ಏರಿತು. ಮೊದಲ ತಿಂಗಳು ಚೆನ್ನಾಗಿ, ಎರಡನೆಯ ತಿಂಗಳು ಅಷ್ಟಕ್ಕಷ್ಟೆ. ಮೂರನೆಯ ತಿಂಗಳ ಪರೀಕ್ಷೆಯನ್ನು ಆಕೆ ಸೊಸೆಯ ತವರಿನ ಮದುವೆಯ ನೆಪ ಹೇಳಿ ಮುಂದೂಡಿದಳು, ನಾನು ಒತ್ತಾಯಿಸಲಿಲ್ಲ. ನಾಲ್ಕನೆಯ ತಿಂಗಳು ಮುಗಿಯುತ್ತಿರುವಾಗ ಒಂದು ರವಿವಾರ ಮಧ್ಯಾಹ್ನ ಬನಹಟ್ಟಿಗೆ ಹೋದೆ. ಮಗ್ಗಗಳು ನಿಂತಿದ್ದವು. ಓಣಿಯಲ್ಲಿ ಅಷ್ಟು ನಿಶ್ಶಬ್ದವನ್ನು ಕೇಳಿ ಅಭ್ಯಾಸವಿಲ್ಲದೆ ನಾನು ಸುಮ್ಮಸುಮ್ಮನೆ ಜೋರಾಗಿ ಮಾತನಾಡುತ್ತಿದ್ದೆ. ಅಕ್ಕ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ಮತ್ತೆ ಬಿಳಿಚಿಕೊಂಡಿದ್ದಳು. ತಟ್ಟೆಯಲ್ಲಿ ರೊಟ್ಟಿ ಹಾಗೆಯೇ ಉಳಿದಿತ್ತು.

"ವಿಭೂತಿ ಬಿಟ್ಟೀ ಇಲ್ಲೋ?" ಎಂದು ಕೇಳಿದೆ.

"ಬಿಟ್ಟಿದ್ದೆ. ಮತ್ತ ಬಾಯಿ ಬೇಡಾಕತ್ತೈತಿ."

"ಐವತ್ತು ವರ್ಷದ ಚಟಾ, ಅಷ್ಟ ಲಗೂ ಬಿಟ್ಟು ಹೋಗ್ತೈತೇನು?" ಎಂದು ನಾನು ನಕ್ಕೆ. "ಎಣ್ಣಿ ಡಬ್ಬಿ ಹಿಂದ ಕುಂತು ತಿಂತಿದ್ದೆಲ್ಲ, ನನಗ ನೆನಪೈತಿ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ನಗು ಉಬ್ಬಸಕ್ಕೆ ತಿರುಗಿ, ಸೊಸೆ ನೀರು ತಂದುಕೊಡಬೇಕಾಯಿತು.

"ಅದು ನೀನಲೇ!" ಎಂದಳು. "ಎಣ್ಣಿ ಡಬ್ಬಿ ಹಿಂದ ಕುಂಡ್ರತಿದ್ದಾಂವ ನೀನು! ನಿನ್ನ ಬಾಯಾಗ ಕೈಬಟ್ಟ ಹಾಕಿ ತಗದು ತಗದು ನನ್ನ ಬೆರಳಿಗೆ ಹಲ್ಲ ನಟ್ಟಿದ್ವು. ಹುಳಾ ಆಗಿ ಹೊಟ್ಟಿ ಡೊಳ್ಳಿನಂಗಾಗಿತ್ತು ನಿಂದು. ಒಂದು ವರ್ಷ ಸಾಲಿಗೂ ಹೋಗ್ಲಿಲ್ಲ. ಅವ್ವ ವಿಭೂತಿಗೆ ಬೇವಿನೆಣ್ಣಿ ಹಚ್ಚಿಟ್ಲು, ಅದನ್ನೂ ತಿಂದಿ. ನಾ ಎಲ್ಲಿ ತಿಂದೇನಪಾ? ನಾ ತಿನ್ನಾಕ ಹತ್ತಿದ್ದು ಹ್ವಾದ ವರ್ಷದ ಶ್ರಾವಣದಿಂದ."

ನಾನು ಒಪ್ಪಲಿಲ್ಲ. "ಇಲ್ಲ, ನಾ ಬಾಗಲದಾಗ ನಿಂತು ನೋಡೇನಿ," ಎಂದು ವಾದಿಸಿದೆ. ಅಕ್ಕ ವಾದಿಸಲಿಲ್ಲ, ಸುಸ್ತಾಗಿತ್ತು. ನಾನು ಹೊರಗೆ ಓಣಿಗೆ ಬಂದು ಮುಧೋಳದಲ್ಲಿರುವ ಚಿಗವ್ವನಿಗೆ ಫೋನು ಮಾಡಿದೆ. ನಮ್ಮ ಅವ್ವನ ತಂಗಿ, ಎಂಬತ್ತು ದಾಟಿದರೂ ಯಾರ ಮನೆಯ ಎಮ್ಮೆ ಯಾವ ವರ್ಷ ಈಯಿತು ಎಂದು ಹೇಳಬಲ್ಲವಳು. ಅವಳಿಗೆ ಸುಳಿವು ಸಿಗಬಾರದೆಂದು, ಸಂಶೋಧಕನ ಜಾಣತನದಿಂದ, "ಚಿಗವ್ವಾ, ನಾವು ಸಣ್ಣವ್ರಿದ್ದಾಗ ನಮ್ಮ ಮನ್ಯಾಗ ಯಾರರ ವಿಭೂತಿ ತಿಂತಿದ್ರೇನು?" ಎಂದಷ್ಟೇ ಕೇಳಿದೆ.

"ಯಾಕ, ಮತ್ತ ಹತ್ತಿಯೇನ ತಿನ್ನಾಕ?" ಎಂದಳು ಚಿಗವ್ವ.

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಈಗ ದೊಡ್ಡ ಮಾಸ್ತರ ಆಗೀದಿ, ಬಿಡೋ ಅದನ್ನ," ಎಂದು ಫೋನಿನಲ್ಲಿ ನಗುತ್ತಲೇ ಇದ್ದಳು.

ಓಣಿಯ ಗೋಡೆಗೆ ಕೈಯೂರಿ ನಿಂತೆ. ರುಚಿ. ನನಗೆ ಅದರ ರುಚಿ ನೆನಪಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದವನಿಗೆ ಅದು ಅಂಗುಳಕ್ಕೆ ಮೆತ್ತಿಕೊಳ್ಳುವ ತಂಪು ಹೇಗೆ ಗೊತ್ತಾಗುತ್ತದೆ? ಎಷ್ಟೋ ವರ್ಷಗಳ ಹಿಂದೆ, ಯಾವಾಗಲೋ, ನಾಚಿಕೆಯಿಂದಲೋ ಮರೆವಿನಿಂದಲೋ, ನಾನು ಆ ಸಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತುಕೊಂಡಿದ್ದೆ. ನಾನು ಕುಳಿತಿದ್ದ ಜಾಗದಲ್ಲಿ ಅಕ್ಕನನ್ನು ಕೂಡಿಸಿದ್ದೆ. ಬಾಯಿ ಒರೆಸಿದವಳ ಬಾಯಿಗೇ ಪುಡಿ ಹಚ್ಚಿದ್ದೆ. ಇದನ್ನೆಲ್ಲ ಮಾಡಿದ್ದು ನನಗೆ ತಿಳಿದೇ ಇರಲಿಲ್ಲ.

ನಿಂತಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಸಣ್ಣಂದಿನಿಂದ ಅಲ್ಲ, ಒಂದೂವರೆ ವರ್ಷದಿಂದ ಎಂದು ಹೇಳಿದೆ. ತಿಂದವನು ನಾನು ಎಂದೂ ಹೇಳಿದೆ. ಅವರು ತಿಂಗಳ ಲೆಕ್ಕವನ್ನು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು.

"ಸರ, ನಾಳಿನ ಕರಕೊಂಡ ಬರ್ರಿ," ಎಂದರು. "ತಪ್ಪು ನಂದೂ ಐತಿ. ನಾನೂ ಅವರನ್ನ ಕೇಳ್ಲಿಲ್ಲ. ನೀವು ಹೇಳಿದ್ರಿ, ಬರಕೊಂಡೆ."

ಒಳಗೆ ಹೋಗಿ ಅಕ್ಕನ ಮುಂದೆ ಕುಳಿತೆ. ಆವತ್ತು ಡಾಕ್ಟರ ಮುಂದೆ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀ ಹೇಳಾಕತ್ತಿದ್ಯಲಾ. ಓದಿದಾಂವ ಅದೀ, ಸಂಶೋಧನಾ ಮಾಡ್ತೀ, ಏನೋ ಲೆಕ್ಕ ಇರ್ತೈತಿ ನಿಂದು ಅಂದ್ಕೊಂಡೆ," ಎಂದಳು. "ನಾನು ಸಣ್ಣಾಕಿದ್ದಾಗ ತಿಂದಿದ್ರೂ ತಿಂದಿರಬೇಕು, ಯಾರಿಗೆ ನೆನಪೈತಿ ಅಂತನೂ ಅನಸ್ತು. ನೀ ಅಷ್ಟ ಗಟ್ಟಿಸಿ ಹೇಳಿದ್ಯಲೇ."

ಜಮಖಂಡಿಯಲ್ಲಿ ಕೊಲೊನೋಸ್ಕೋಪಿ ಇರಲಿಲ್ಲ. ದೂರದ ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ದಿನಗಳ ನಂತರದ ಸರದಿ ಸಿಕ್ಕಿತು. ಆ ಒಂಬತ್ತು ದಿನ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಕಾಲೇಜಿನ ನನ್ನ ಕೋಣೆಯಲ್ಲಿ ಅಧ್ಯಯನದ ಫಾರ್ಮುಗಳ ಕಟ್ಟುಗಳಿದ್ದವು. ಅವನ್ನು ಬಿಚ್ಚಿದೆ. ಆಹಾರವಲ್ಲದ ವಸ್ತುಗಳನ್ನು ತಿನ್ನುವ ಅಭ್ಯಾಸವಿದೆಯೇ ಎಂಬ ಪ್ರಶ್ನೆಯನ್ನು ಕನ್ನಡಕ್ಕೆ ತಂದವನು ನಾನೇ. ಕಂಸದಲ್ಲಿ ಮಣ್ಣು, ಸುಣ್ಣ, ಬೂದಿ, ಸೀಮೆಸುಣ್ಣ ಎಂದು ಬರೆದಿದ್ದೆ. ಸಮೀಕ್ಷೆಗೆ ಹೋಗುತ್ತಿದ್ದ ನರ್ಸಮ್ಮ ಒಬ್ಬಾಕೆ, "ವಿಭೂತಿನೂ ಸೇರಸ್ರಿ ಸರ, ನಮ್ಮ ಕಡೆ ಹೆಣಮಕ್ಕಳು ಭಾಳ ತಿಂತಾರ," ಎಂದಿದ್ದಳು. ನಾನು ಬೇಡವೆಂದಿದ್ದೆ. ಕೊರಳಲ್ಲಿ ಲಿಂಗ ಕಟ್ಟದ ನಾನು ವಿಭೂತಿಯನ್ನು ಮಣ್ಣು, ಸುಣ್ಣದ ಸಾಲಿನಲ್ಲಿ ಕೂಡಿಸಿದರೆ ಜನ ಏನಂದಾರು ಎಂಬ ಅಳುಕು. ಆಗ ಅದನ್ನು ಸೌಜನ್ಯ ಎಂದುಕೊಂಡಿದ್ದೆ.

ಈಗ ನೋಡಿದರೆ ಹೆಂಗಸರ ಫಾರ್ಮುಗಳಲ್ಲಿ ಆ ಪ್ರಶ್ನೆಯ ಮುಂದೆ ಇಲ್ಲ, ಇಲ್ಲ, ಇಲ್ಲ. ಪುಟ ತಿರುವಿದಂತೆ ಇನ್ನೊಂದು ಕಣ್ಣಿಗೆ ಬಿತ್ತು. ಕೊನೆಯಲ್ಲಿ ಸಹಿ ಇದ್ದ ಕಡೆಯೆಲ್ಲ ಗಂಡನ ಸಹಿ, ಮಗನ ಸಹಿ, ಮೈದುನನ ಸಹಿ. ಉತ್ತರ ಕೊಟ್ಟವರು ಯಾರು ಎಂದು ಬರೆಯಲು ಫಾರ್ಮಿನಲ್ಲಿ ನಾನು ಜಾಗವನ್ನೇ ಇಟ್ಟಿರಲಿಲ್ಲ.

ಮೂರನೆಯ ದಿನ ನರ್ಸಮ್ಮನನ್ನು ಕರೆದುಕೊಂಡು ಸಮೀಕ್ಷೆಯ ಊರುಗಳಲ್ಲೊಂದಾದ ಗಲಗಲಿಗೆ ಹೋದೆ. ಫಾರ್ಮಿನಲ್ಲಿ ಇಲ್ಲ ಎಂದು ಬರೆದಿದ್ದ ಒಂದು ಮನೆಯನ್ನು ಕಣ್ಣುಮುಚ್ಚಿ ಆರಿಸಿಕೊಂಡಿದ್ದೆ. ಹೊಳೆಯ ಕಡೆಗಿನ ಓಣಿಯಲ್ಲಿ ಕಬ್ಬಿನ ರವದಿ, ಒಣ ಸೋಗೆಯ ಹೊರೆ, ಹೊತ್ತು ತಂದು ಇಳಿಸುತ್ತಿದ್ದ ಹೆಣ್ಣುಮಗಳು, ನಲವತ್ತರ ಮೇಲಿರಬೇಕು.

"ಬಾಯಾರ, ವಿಭೂತಿ ತಿಂತೀರೇನು?" ನಾನು ನೇರವಾಗಿ ಕೇಳಿದೆ.

ಆಕೆ ನರ್ಸಮ್ಮನ ಕಡೆ ನೋಡಿದಳು. ನರ್ಸಮ್ಮ ತಲೆಯಾಡಿಸಿದಳು. ಆಕೆ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಅರ್ಧ ಕಡಿದ ವಿಭೂತಿ ಗಟ್ಟಿ, ಹಲ್ಲಿನ ಗುರುತು ಸಮೇತ.

"ಹ್ವಾದ ಸಲಾ ಕೇಳಿದಾಗ ಇಲ್ಲ ಅಂತ ಬರದೈತಲ್ರಿ," ಎಂದೆ.

"ಹ್ವಾದ ಸಲಾ ನಮ್ಮ ಮನೀಯವರನ್ನ ಕೇಳಿದ್ರಿ. ಮಣ್ಣ ತಿಂತಾಳೇನು ಅಂತ ಕೇಳಿದ್ರಿ," ಎಂದಳು. "ಸ್ವಾಮೀದು ಇದು, ಮಣ್ಣ ಹೆಂಗಾಗ್ತೈತ್ರಿ? ಕೇಳಿದ್ರ ಹೇಳ್ತಿದ್ದೆ. ನೀವೂ ತಿಂತೀರೇನು? ತಗೋರಿ." ಆ ತುಂಡನ್ನು ನನ್ನ ಕಡೆ ಚಾಚಿದಳು. ನರ್ಸಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ನಾನು ಕೈ ಹಿಂದೆ ಸರಿಸಿದೆ. ನನ್ನ ಬಾಯಲ್ಲಿ ನೀರೂರಿತ್ತು. ಬೆಚ್ಚಿಬಿದ್ದೆ.

ಆಕೆಯ ಕಣ್ಣಿನ ಕೆಳರೆಪ್ಪೆಯನ್ನು ನರ್ಸಮ್ಮ ಬೆರಳಿನಿಂದ ಇಳಿಸಿ ನೋಡಿದಳು. ಸುಣ್ಣ ಬಳಿದ ಗೋಡೆಯ ಹಾಗಿತ್ತು. ಮರುದಿನವೇ ಜಮಖಂಡಿಗೆ ಬಾ ಎಂದು ಹೇಳಿ ಬಂದೆವು, ಆಕೆ ಬಂದಳು. ಆ ಕಟ್ಟುಗಳನ್ನೆಲ್ಲ ಪಕ್ಕಕ್ಕಿಟ್ಟು ಹೆಂಗಸರನ್ನು ಒಬ್ಬೊಬ್ಬರನ್ನೇ ಮತ್ತೆ ಕೇಳಬೇಕು ಎಂದು ಡಾಕ್ಟರಿಗೂ ವೈದ್ಯಕೀಯ ಕಾಲೇಜಿಗೂ ಬರೆದೆ. ಎರಡು ವರ್ಷದ ಕೆಲಸ ಹಾಳಾಯಿತು ಎಂದು ಅಲ್ಲಿನವರು ಸಿಟ್ಟಾದರು. ಸಿಟ್ಟಾಗಬೇಕಾದದ್ದೇ.

ಕೊಲೊನೋಸ್ಕೋಪಿಯ ಹಿಂದಿನ ದಿನ ಅಕ್ಕ ಪುಡಿ ಕಲಸಿದ ನೀರನ್ನು ಲೋಟಗಟ್ಟಲೆ ಕುಡಿಯಬೇಕಿತ್ತು, ಕರುಳು ತೊಳೆದಂತಾಗಲು. ಆಸ್ಪತ್ರೆಯ ಹತ್ತಿರದ ಒಂದು ಲಾಡ್ಜಿನಲ್ಲಿ ಸೊಸೆ ಗಡಿಯಾರ ನೋಡುತ್ತ ಲೋಟ ಕೊಡುತ್ತಿದ್ದಳು.

"ಇನ್ನೂ ಎಷ್ಟ ಬೇ?" ಅಕ್ಕ ಕೇಳಿದಳು. "ನಮ್ಮ ಹೊಳಿ ಡ್ಯಾಮಿನ ಹಿನ್ನೀರು ಬೀಳಗಿ ಕಡೆ ಎಷ್ಟು ಹೊಲ ನುಂಗೇತಿ ಅಂತಿದ್ರು. ಅದನ್ನ ನನ್ನ ಹೊಟ್ಟಿಗೆ ಬಿಟ್ಟಿದ್ರ ಒಂದು ಊರೂ ಮುಳಗತಿರಲಿಲ್ಲ."

"ಅತ್ತೀ, ಮಾತಾಡಬ್ಯಾಡ್ರಿ, ಕುಡೀರಿ."

ಮರುದಿನ ಬೆಳಿಗ್ಗೆ ಆಕೆಯನ್ನು ಒಳಗೆ ಕರೆದೊಯ್ದರು. ಅರ್ಧ ಗಂಟೆಗೂ ಮೊದಲೇ ನನ್ನನ್ನು ಕರೆದು ಒಂದು ಬಣ್ಣದ ಚಿತ್ರ ತೋರಿಸಿದರು. ನುಣುಪಾದ ಗುಲಾಬಿ ಗೋಡೆಯ ಸುರಂಗ, ಅದರ ಕೊನೆಯಲ್ಲಿ, ಬಲಗಡೆ, ಹೂಕೋಸಿನ ತುಂಡಿನಂಥ ಗಡ್ಡೆ. ಅದರ ಮೇಲಿಂದ ತೆಳ್ಳಗೆ ರಕ್ತ ಜಿನುಗುತ್ತಿತ್ತು. ಇಷ್ಟೇ ಇಷ್ಟು. ಇಷ್ಟು ಸಣ್ಣ ಜಿನುಗು ಇಷ್ಟು ದಿನ ಬಿಡದೆ ಹರಿದು ಅಕ್ಕನನ್ನು ಬಿಳಿಚಿಸಿತ್ತು. ಬಲಗಡೆಯ ಗಡ್ಡೆ ಹೀಗೆಯೇ ಸದ್ದಿಲ್ಲದೆ ಬೆಳೆಯುತ್ತದೆ, ನೋವೂ ಕೊಡುವುದಿಲ್ಲ, ಕಣ್ಣಿಗೆ ಕಾಣುವ ರಕ್ತವನ್ನೂ ತೋರಿಸುವುದಿಲ್ಲ ಎಂದು ಅಲ್ಲಿನ ತಜ್ಞರು ಹೇಳಿದರು. ನಾನು ಆ ಚಿತ್ರವನ್ನು ಕೈಯಲ್ಲಿ ಹಿಡಿದು, ಅದರ ಮೂಲೆಯಲ್ಲಿ ಅಚ್ಚಾಗಿದ್ದ ದಿನಾಂಕವನ್ನು ನೋಡಿದೆ. ನಾಲ್ಕು ತಿಂಗಳ ಹಿಂದಿನ ಒಂದು ದಿನಾಂಕ ಅಲ್ಲಿರಬಹುದಿತ್ತು.

ದೊಡ್ಡ ಕರುಳಿನ ಬಲಭಾಗವನ್ನು ತೆಗೆದು ಉಳಿದದ್ದನ್ನು ಹೊಲಿದರು. ಅಕ್ಕ ತಡೆದುಕೊಂಡಳು. ಆಪರೇಷನ್ ಆದ ಹತ್ತನೆಯ ದಿನ ತುಂಡಿನ ಪರೀಕ್ಷೆಯ ವರದಿ ಬಂತು. ಗಡ್ಡೆ ಕ್ಯಾನ್ಸರ್. ಅದರ ಸುತ್ತ ತೆಗೆದ ಗ್ರಂಥಿಗಳಲ್ಲಿ ಎರಡರೊಳಗೆ ಅದರ ಜೀವಕೋಶಗಳಿದ್ದವು. ಮುಂದೆ ಕೆಲವು ತಿಂಗಳು ಕೀಮೋ ಬೇಕು.

ವರದಿಯನ್ನು ಓದಿ ಹೇಳಿದ್ದು ಜಮಖಂಡಿಯ ನಮ್ಮ ಡಾಕ್ಟರೇ. ನಾನು ಒಬ್ಬನೇ ಹೋಗಿದ್ದೆ.

"ನಾಲ್ಕು ತಿಂಗಳು ಮೊದಲು ತಗದಿದ್ರ, ಈ ಎರಡು ಗ್ರಂಥಿಯೊಳಗ ಇರ್ತಿರಲಿಲ್ಲೇನ್ರಿ?"

"ಹೇಳಾಕ ಬರೂದಿಲ್ರಿ ಸರ."

"ಅಂದಾಜರ ಹೇಳ್ರಿ."

"ನೀವು ಸಂಖ್ಯಾಶಾಸ್ತ್ರದವರು," ಎಂದರು. "ಒಬ್ಬ ಮನಷ್ಯಾಗ ಅಂದಾಜು ಹೇಳಿದ್ರ ನೀವಽ ನಗ್ತೀರಿ."

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಅವರು ತಮ್ಮ ಮೇಜಿನ ಡ್ರಾಯರನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದರು. ಅವರಿಗೂ ಈ ಪ್ರಶ್ನೆ ಬಿಟ್ಟಿರಲಿಲ್ಲ ಎಂದು ಕಂಡಿತು.

ಕೀಮೋ ಶುರುವಾಗುವ ಮುಂಚೆ ಕ್ಯಾನ್ಸರ್ ವಿಭಾಗದಲ್ಲಿ ಹೊಸ ವೈದ್ಯರೊಬ್ಬರು ಮೊದಲಿನಿಂದ ಎಲ್ಲವನ್ನೂ ಕೇಳಿ ಬರೆದುಕೊಳ್ಳಬೇಕಿತ್ತು. ಹೆಣ್ಣುಮಗಳು, ಧಾರವಾಡ ಕಡೆಯ ಮಾತು. ನಾನು ಅಕ್ಕನ ಪಕ್ಕದ ಕುರ್ಚಿಯನ್ನು ಎಳೆದುಕೊಂಡೆ.

"ನೀ ಹೊರಗ ಕುಂದ್ರು ಹೋಗ," ಎಂದಳು ಅಕ್ಕ.

"ಯಕ್ಕಾ, ನಾ ಬಾಯಿ ತಗಿಯೂದಿಲ್ಲ."

"ನಿನ್ನ ಬಾಯಿ ನನಗೊತ್ತೈತಿ. ಹೋಗ."

ಹೊರಗೆ ಬೆಂಚಿನ ಮೇಲೆ ಕುಳಿತೆ. ಬಾಗಿಲಿಗೆ ಸಣ್ಣ ಗಾಜಿತ್ತು. ಅದರೊಳಗಿಂದ ಅಕ್ಕನ ಕೈಗಳು ಕಾಣುತ್ತಿದ್ದವು. ಕೈಯಾಡಿಸಿ ಮಾತನಾಡುತ್ತಿದ್ದಳು. ಡಾಕ್ಟರು ಬರೆಯುತ್ತಲೇ ಇದ್ದರು, ನಡುವೆ ಒಮ್ಮೆ ಬರೆಯುವುದನ್ನು ನಿಲ್ಲಿಸಿ ಏನನ್ನೋ ಎರಡನೆಯ ಸಲ ಕೇಳಿದರು. ಅಕ್ಕ ತನ್ನ ಹೊಟ್ಟೆಯ ಬಲಗಡೆ ಅಂಗೈಯಿಟ್ಟು ತೋರಿಸಿದಳು. ಅದು ಆಪರೇಷನ್ ಆದ ಜಾಗ ಎಂದುಕೊಂಡೆ. ನಾನು ಇಲ್ಲಿಯವರೆಗೆ ಬರೆದದ್ದಕ್ಕೂ ಆಕೆ ಒಳಗೆ ಹೇಳುತ್ತಿದ್ದುದಕ್ಕೂ ಎಷ್ಟು ಹೊಂದಿಕೆ ಇದ್ದೀತೋ ನನಗೆ ಗೊತ್ತಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಕರೆದದ್ದು ನನ್ನನ್ನು.

"ಕೂಡ್ರಿ," ಎಂದರು ಡಾಕ್ಟರು. "ನಿಮ್ಮ ತಾಯಿಯವರು ಯಾವ ಕಾಯಿಲೆಯಿಂದ ಹೋದ್ರು?"

"ಹೃದಯಾಘಾತ," ಎಂದೆ. ಮೂವತ್ತು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದ ಉತ್ತರ. ನಾನು ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಫೋನು ಬಂತು, ಎದೆ ಹಿಡಿದಿತ್ತು ಎಂದರು, ಬಸ್ಸು ಹತ್ತಿ ಬಂದೆ. ನಮ್ಮ ಅಧ್ಯಯನ ಶುರುವಾದಾಗ, ಪ್ರಶ್ನಾವಳಿಯನ್ನು ಮೊದಲು ನಮ್ಮ ಮೇಲೆಯೇ ಪ್ರಯೋಗಿಸಿ ನೋಡೋಣವೆಂದು ನನ್ನದೇ ಒಂದು ಫಾರ್ಮು ತುಂಬಿದ್ದೆ. ಮನೆಯಲ್ಲಿ ಯಾರಿಗಾದರೂ ಕರುಳಿನ ಗಡ್ಡೆ, ಕ್ಯಾನ್ಸರ್ ಇತ್ತೇ ಎಂಬಲ್ಲಿ ಇಲ್ಲ ಎಂದು ಬರೆದಿದ್ದೆ.

ಅಕ್ಕ ನನ್ನ ಕಡೆ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ಹೊಟ್ಟ್ಯಾಗ ಗಂಟ ಇತ್ತು ಅವ್ವಗ," ಎಂದಳು. "ಇಲ್ಲೇ, ಬಲಕ್ಕ. ಕೈಗೆ ಹತ್ತತಿತ್ತು. ಮಿರಜದ ದವಾಖಾನಿಗೆ ಕರಕೊಂಡ ಹೋಗಿದ್ವಿ, ಭಾಳ ಮುಂದ ಹೋಗೇತಿ, ಕೈ ಹಾಕೂದ ಬ್ಯಾಡ ಅಂದ್ರು. ನಿಂದು ಪರೀಕ್ಷಾ ನಡದಿತ್ತು. ಅವಗ ಹೇಳಬ್ಯಾಡ್ರಿ ಅಂತ ಅವ್ವನಽ ಆಣಿ ಹಾಕಿದ್ಲು. ಆಮ್ಯಾಲ ಹೇಳೂಣು ಅಂದ್ರ ನೀ ಎಲ್ಲಾರ ಮುಂದ ಎದಿ ಹಿಡದ ಹ್ವಾದ್ಲು ಅಂತ ಹೇಳಕೋತ ಹೊಂಟಿದ್ದಿ. ಇರ್ಲಿ ಅಂತ ಬಿಟ್ವಿ."

ಅವ್ವನ ವಯಸ್ಸು ಆಗ ಐವತ್ತೈದು. ನನ್ನ ವಯಸ್ಸು ಈಗ ಐವತ್ನಾಲ್ಕು.

ಡಾಕ್ಟರು ನಿಧಾನವಾಗಿ ವಿವರಿಸಿದರು. ತಾಯಿಗೂ ಮಗಳಿಗೂ ಒಂದೇ ಜಾಗದಲ್ಲಿ ಗಡ್ಡೆ ಬಂದಿರುವಂತಿದೆ. ಕೆಲವು ಮನೆತನಗಳಲ್ಲಿ ಇದು ರಕ್ತದಲ್ಲೇ ಇಳಿದು ಬರುತ್ತದೆ. ಅಕ್ಕನ ಗಡ್ಡೆಯ ತುಂಡನ್ನು ಅದಕ್ಕಾಗಿ ಇನ್ನೊಂದು ಪರೀಕ್ಷೆಗೆ ಕಳಿಸುತ್ತಾರೆ. ಅದರ ಫಲಿತಾಂಶ ಏನೇ ಬರಲಿ, ಒಡಹುಟ್ಟಿದ ನನಗೂ, ಅಕ್ಕನ ಮಗನಿಗೂ ಕೊಲೊನೋಸ್ಕೋಪಿ ಆಗಬೇಕು. ಬೇಗ ಕಂಡರೆ ಗಡ್ಡೆ ಬರೀ ಮೊಳಕೆಯಾಗಿದ್ದಾಗಲೇ ಅದೇ ನಳಿಕೆಯಿಂದ ಕಿತ್ತು ಹಾಕಬಹುದು.

ಪದಗಳೆಲ್ಲ ನನಗೆ ಗೊತ್ತಿದ್ದವೇ. ಎರಡು ವರ್ಷ ಅವನ್ನೇ ಕನ್ನಡಕ್ಕೆ ತಂದಿದ್ದೆ. ಆದರೂ ಯಾರೋ ಕಿವಿಯಲ್ಲಿ ಹತ್ತಿ ತುರುಕಿ ಮಾತನಾಡುತ್ತಿರುವ ಹಾಗೆ ಕೇಳಿಸುತ್ತಿತ್ತು. ಕೈ ತಾನಾಗಿ ಹೊಟ್ಟೆಯ ಬಲಗಡೆ ಹೋಯಿತು. ಏನೂ ಕೈಗೆ ಹತ್ತಲಿಲ್ಲ. ಹತ್ತಿದರೂ ನಾನು ನಂಬುತ್ತಿದ್ದೆನೋ ಇಲ್ಲವೋ.

ಡಾಕ್ಟರು ಒಂದು ಹೊಸ ಹಾಳೆ ತೆಗೆದುಕೊಂಡು ಮೇಲೆ ನನ್ನ ಹೆಸರು ಬರೆದರು.

"ನಿಮಗೇನಾರ ತ್ರಾಸು ಐತೇನ್ರಿ? ಸುಸ್ತು, ತೂಕ ಇಳಿಯೂದು, ಮಲದ ಬಣ್ಣ ಬದಲಾಗೂದು? ಹಿಂದ ಯಾವಾಗರ ರಕ್ತ ಕಡಿಮಿ ಆಗಿತ್ತೇನು?"

ಇಲ್ಲ ಎಂಬ ಮಾತು ಬಾಯಿಯ ತುದಿಗೆ ಬಂದಿತ್ತು. ಅಷ್ಟೇ ಖಚಿತವಾಗಿ, ಅಷ್ಟೇ ಗಟ್ಟಿಯಾಗಿ. ಅದನ್ನು ತಡೆದೆ.

"ಆಕೀನ್ನ ಕೇಳ್ರಿ," ಎಂದೆ.

ಅಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಬರಕೋರಿ ಬಾಯಾರ," ಎಂದಳು. "ಇವ ಹೋದ ದೀಪಾವಳಿಗೆ ಬಂದಾಗ ಪ್ಯಾಂಟ ಜಾರಾಕತ್ತಿತ್ರಿ. ಕೇಳಿದ್ರ ವಾಕಿಂಗ ಮಾಡ್ತೇನಿ ಅಂದ. ಖರೆ ಹೇಳತೇನಿ, ಇವ ಎಂದೂ ವಾಕಿಂಗ ಮಾಡಿದಾಂವಲ್ರಿ."